ಲಿಫ್ಟ್ ಕಿಟ್ ಇಲ್ಲದೆ ದೊಡ್ಡ ಟಯರ್ ಹಾಕುವುದು ಹೇಗೆ: ಅಳತೆಯಿಂದ ಅಲೈನ್‌ಮೆಂಟ್‌ವರೆಗೆ

ಕಾಸರಗೋಡಿನ ಪೆರ್ಲದಿಂದ ನಮ್ಮ ಮನೆಗೆ ಬರುವ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಜೂನ್‌ನಲ್ಲಿ ಮಳೆ ಹಿಡಿದರೆ ಆ ದಾರಿಯ ನಡುವೆ ತೋಡು ಹರಿಯುತ್ತದೆ, ಮಳೆ ಬಿಟ್ಟ ಮೇಲೆ ಮುರಕಲ್ಲಿನ ಮೊನೆಗಳು ಎದ್ದು ನಿಲ್ಲುತ್ತವೆ. ಇಂಥ ದಾರಿಯಲ್ಲಿ ಗಾಡಿ ಓಡಿಸುವವರಿಗೆಲ್ಲ ಒಂದಲ್ಲ ಒಂದು ದಿನ ದೊಡ್ಡ ಟಯರ್ ಹಾಕಿಸುವ ಆಸೆ ಬಂದೇ ಬರುತ್ತದೆ. ನನಗೂ ಬಂತು. ನನ್ನದು ಮಾರುತಿ ಜಿಮ್ನಿ. ಮೊದಲ ಸಲ ತಪ್ಪು ಅಳತೆಯ ಟಯರ್ ತಂದು ದುಡ್ಡು ಕಳೆದುಕೊಂಡೆ, ಎರಡನೇ ಸಲ ಸರಿಯಾಯಿತು. ನಡುವೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಥಾರ್, ಜಿಪ್ಸಿ, ಹಳೇ ಜೀಪು ಇರುವವರಿಗೂ ಕ್ರಮ ಇದೇ, ಅಂಕಿ ಮಾತ್ರ ಬೇರೆ.

ಶುರುವಿಗೇ ಒಂದು ಮಾತು. ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ಎತ್ತರಿಸುವ ಸಾಮಾನು, ಹಾಕಿದರೆ ಟಯರ್‌ಗೆ ಜಾಗ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತ್ರ ನಿಜ. ಉದ್ದದ ಸ್ಪ್ರಿಂಗ್ ಹಾಕಿದರೆ ಗಾಡಿ ನಿಂತಾಗ ಎತ್ತರ ಕಾಣುತ್ತದೆ, ಟಯರ್ ಮೇಲೆ ಮೂರು ಬೆರಳು ಹೆಚ್ಚು ಜಾಗ ಕಾಣುತ್ತದೆ. ಆದರೆ ಒಂದು ಚಕ್ರ ಕಲ್ಲು ಹತ್ತಿ ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ಆ ಚಕ್ರ ಎಲ್ಲಿಯವರೆಗೆ ಮೇಲೆ ಹೋಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ಗಟ್ಟಿ. ಅದನ್ನು ಬದಲಿಸದಿದ್ದರೆ ಲಿಫ್ಟ್ ಇದ್ದರೂ ಇಲ್ಲದಿದ್ದರೂ ಚಕ್ರ ಹೋಗಿ ಮುಟ್ಟುವುದು ಅಲ್ಲಿಗೇ. ಹಾಗಾಗಿ ಲಿಫ್ಟ್ ಬೇಕಾ ಬೇಡವಾ ಅಂತ ಕೇಳುವ ಮೊದಲು, ಪೂರ್ತಿ ಒತ್ತಿಕೊಂಡು ಪೂರ್ತಿ ತಿರುಗಿದ ಚಕ್ರಕ್ಕೆ ಸುತ್ತ ಎಷ್ಟು ಜಾಗ ಉಂಟು ಅಂತ ನೋಡಬೇಕು. ನಿಂತ ಗಾಡಿಯಲ್ಲಿ ಬೆರಳಿಟ್ಟು ಅಳೆದರೆ ಮೋಸ ಹೋಗುತ್ತೀರಿ. ನಾನು ಹೋದದ್ದೂ ಅಲ್ಲೇ.

ಅಂಕಿಗಳನ್ನು ಓದುವುದು

ಟಯರ್ ಮೇಲೆ 195/80 ಆರ್15 ಎಂದು ಬರೆದಿರುತ್ತದೆ. 195 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಆ ಅಗಲದ ನೂರಕ್ಕೆ ಎಂಬತ್ತರಷ್ಟು ಪಕ್ಕದ ಗೋಡೆಯ ಎತ್ತರ. 15 ಅಂದರೆ ರಿಮ್ ಎಷ್ಟು ಇಂಚು. ಲೆಕ್ಕ ಸುಲಭ: 195ರ ಶೇಕಡ 80 ಅಂದರೆ 156, ಮೇಲೆ ಕೆಳಗೆ ಎರಡು ಸಲ ಸೇರಿ 312, ಅದಕ್ಕೆ 15 ಇಂಚಿನ ರಿಮ್‌ನ 381 ಸೇರಿಸಿದರೆ 693 ಮಿಲಿಮೀಟರ್. ಇದು ಜಿಮ್ನಿಯ ಕಂಪನಿ ಟಯರ್.

ಈಗ 215/75 ಆರ್15 ನೋಡಿ. ಅದರ ಎತ್ತರ 703.5. ಹತ್ತೂವರೆ ಮಿಲಿಮೀಟರ್ ಜಾಸ್ತಿ. 235/75 ಆರ್15 ಆದರೆ 733.5, ಅಂದರೆ ನಲವತ್ತೂವರೆ ಮಿಲಿಮೀಟರ್ ಜಾಸ್ತಿ. ಆದರೆ ಗಾಡಿ ಏಳುವುದು ಇದರ ಅರ್ಧ ಮಾತ್ರ, ಯಾಕೆಂದರೆ ಆಕ್ಸಲ್ ಇರುವುದು ಚಕ್ರದ ನಡುವೆ ಅಲ್ವಾ. 235 ಹಾಕಿದರೆ ಡಿಫರೆನ್ಷಿಯಲ್ ಹೌಸಿಂಗ್ ಕೆಳಗೆ ಸಿಗುವುದು 20 ಮಿಲಿಮೀಟರ್, 215 ಹಾಕಿದರೆ ಬರೀ ಐದು.

ಐದು ಮಿಲಿಮೀಟರಿಗೋಸ್ಕರ ಇಷ್ಟು ಖರ್ಚಾ ಅಂತ ಕೇಳಬಹುದು. ಎತ್ತರವೊಂದೇ ಬೇಕಿದ್ದರೆ ನಿಜಕ್ಕೂ ದಂಡ. ಆದರೆ ನಮ್ಮ ಕಡೆಯ ಗುಡ್ಡೆ ದಾರಿಯಲ್ಲಿ ಟಯರ್ ಹಾಳಾಗುವುದು ಮುರಕಲ್ಲಿನ ಅಂಚು ಪಕ್ಕದ ಗೋಡೆಯನ್ನು ಸೀಳಿದಾಗ. ಗಾಡಿ ಸಿಕ್ಕಿಬೀಳುವುದು ಕೆಂಪು ಮಣ್ಣು ಹಲ್ಲುಗಳ ನಡುವೆ ತುಂಬಿ ಟಯರ್ ನುಣ್ಣಗಾದಾಗ. ಗಟ್ಟಿ ಗೋಡೆಯ, ಆಳವಾದ ಹಲ್ಲಿನ, ಸ್ವಲ್ಪ ಅಗಲದ ಆಲ್‌ಟೆರೇನ್ ಟಯರ್ ಇವೆರಡಕ್ಕೂ ಉತ್ತರ. ನನಗೆ ಬೇಕಾಗಿದ್ದದ್ದು ಅದೇ. ಎತ್ತರ ಸಿಕ್ಕಿದ್ದು ಅದರ ಜೊತೆಗೆ.

ಥಾರ್ ಇರುವವರಿಗೆ ಒಂದು ಒಳ್ಳೆ ದಾರಿ ಉಂಟು. 2020ರ ಥಾರ್ ಎರಡು ಅಳತೆಯಲ್ಲಿ ಬಂತು: 245/75 ಆರ್16 ಮತ್ತು 255/65 ಆರ್18. ಮೊದಲನೆಯದರ ಎತ್ತರ ಸುಮಾರು 774, ಎರಡನೆಯದು ಸುಮಾರು 789 ಮಿಲಿಮೀಟರ್. ಅಂದರೆ 789ರವರೆಗಿನ ಎತ್ತರಕ್ಕೆ ಆ ಬಾಡಿಯಲ್ಲಿ ಜಾಗ ಉಂಟು ಅಂತ ಕಂಪನಿಯೇ ತೋರಿಸಿಕೊಟ್ಟ ಹಾಗಾಯಿತು. 16 ಇಂಚಿನ ರಿಮ್‌ಗೆ 255/75 ಆರ್16 ಲೆಕ್ಕ ಹಾಕಿ ನೋಡಿ, ಅದೂ ಸರಿಯಾಗಿ 789ಕ್ಕೇ ಬರುತ್ತದೆ. ನಿಮ್ಮ ಗಾಡಿಯ ಬೇರೆ ಮಾದರಿಯಲ್ಲಿ ಕಂಪನಿ ಕೊಟ್ಟ ಅತಿ ದೊಡ್ಡ ಟಯರ್ ಯಾವುದು ಅಂತ ಮೊದಲು ಹುಡುಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎತ್ತರ ಬಿಟ್ಟು ಇನ್ನೂ ಮೂರು ಸಂಗತಿ ನೋಡಬೇಕು. ರಿಮ್‌ನ ಅಗಲ ಒಂದು. ಜಿಮ್ನಿಯದ್ದು ಐದೂವರೆ ಇಂಚು. 215/75ಕ್ಕೆ ಅದು ಸಾಕು. 235/75ಕ್ಕೆ ಟಯರ್ ಕಂಪನಿಗಳು ಸಾಮಾನ್ಯವಾಗಿ ಆರು ಇಂಚಿಗಿಂತ ಕಡಿಮೆ ಬೇಡ ಅನ್ನುತ್ತವೆ. ಸಣ್ಣ ರಿಮ್‌ಗೆ ದೊಡ್ಡ ಟಯರ್ ಹಾಕಿದರೆ ನಡು ಉಬ್ಬಿ ಅಲ್ಲೇ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೂಗುತ್ತದೆ. ಎರಡನೆಯದು ಲೋಡ್ ಇಂಡೆಕ್ಸ್. ಕಂಪನಿ ಟಯರ್‌ನಲ್ಲಿ 96 ಅಂತ ಇದ್ದರೆ ಒಂದು ಟಯರ್ 710 ಕಿಲೋ ಹೊರುತ್ತದೆ ಅಂತ ಅರ್ಥ, 100 ಇದ್ದರೆ 800 ಕಿಲೋ. ಹೊಸದರಲ್ಲಿ ಈ ಅಂಕಿ ಕಡಿಮೆ ಇರಲೇಬಾರದು. ಮೂರನೆಯದು ತಯಾರಾದ ವಾರ. ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ: 2324 ಅಂದರೆ 2024ರ 23ನೇ ವಾರ. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ಟಯರ್ ರಿಯಾಯಿತಿಗೆ ಕೊಟ್ಟರೂ ಬೇಡ.

ನಾನು ಎಡವಿದ್ದು

ನಾನು ಮೊದಲು ಕೊಂಡದ್ದು 235. ಅಂಗಡಿಯ ಹುಡುಗ ಟಯರ್ ಮೇಲೆ ಕೈಯಿಟ್ಟು, "ಅಣ್ಣಾ, ನೋಡಿ ಇಷ್ಟು ಜಾಗ ಉಂಟು, ಆರಾಮಲ್ಲಿ ಕೂತ್ಕೊಳ್ತದೆ" ಅಂದ. ಡಾಂಬರು ರಸ್ತೆಯಲ್ಲಿ ಬದಿಯಡ್ಕದಿಂದ ಮನೆಗೆ ಬರುವಾಗ ಏನೂ ಆಗಲಿಲ್ಲ. ಡಿಸೆಂಬರ್‌ನಲ್ಲಿ ಅಡಿಕೆ ಗೋಣಿ ಹೇರಿಕೊಂಡು ಬೈಲಿನಿಂದ ಮೇಲೆ ಬರುವಾಗ, ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದೆ. ಟಯರ್‌ನ ಹಿಂಭಾಗ ಮಡ್‌ಫ್ಲಾಪ್ ಹಿಡಿದು ಕೆಳಕ್ಕೆ ಎಳೆಯಿತು. ಕ್ಲಿಪ್ ಮುರಿದು ಲೈನರ್, ಅಂದರೆ ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ, ಟಯರ್ ಮೇಲೆ ಬಿತ್ತು. ಇಳಿದು ನೋಡಿದರೆ ಒಳಗಿನ ಗೋಡೆಯಲ್ಲಿ ಹೊಳೆಯುವ ಒಂದು ಗೆರೆ. ಆಕ್ಸಲ್‌ನಿಂದ ಚಾಸಿಗೆ ಹೋಗುವ ಲೀಡಿಂಗ್ ಆರ್ಮ್ ಅಷ್ಟು ದಿನ ಟಯರನ್ನು ಉಜ್ಜುತ್ತಲೇ ಇತ್ತು, ನನಗೆ ಸದ್ದೇ ಕೇಳಿರಲಿಲ್ಲ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಘಾಟಿಯಲ್ಲೆಲ್ಲೋ ಒಡೆಯುತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅದಕ್ಕೇ ಹೇಳುವುದು, ಐದು ಟಯರ್‌ಗೆ ದುಡ್ಡು ಕೊಡುವ ಮೊದಲು ಒಂದೇ ಟಯರ್ ಹಾಕಿ ಪರೀಕ್ಷೆ ಮಾಡಿ. ಅದೇ ಅಳತೆಯ ಟಯರ್ ಇರುವ ಗೆಳೆಯರ ಸ್ಟೆಪ್ನಿ ಒಂದು ದಿನಕ್ಕೆ ಕೇಳಿ ತನ್ನಿ. ಅಂಗಳದಲ್ಲಿ, ತೋಟದೊಳಗೆ ಮಾತ್ರ ಓಡಿಸಿ, ಫೋರ್ ವೀಲ್ ಹಾಕಬೇಡಿ.

ಸುಣ್ಣದ ಪರೀಕ್ಷೆ

ಇದಕ್ಕೆ ಬೇಕಾದದ್ದು ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಸ್ವಲ್ಪ ಗೋಧಿ ಹಿಟ್ಟು, ಟಾರ್ಚು, ಮತ್ತೆ ಜೊತೆಗೊಬ್ಬ ಮನುಷ್ಯ.

ಟಯರ್ ಮುಂದೆ ಎಡಕ್ಕೆ ಹಾಕಿ. ಹೊರ ಅಂಚಿಗೂ ಒಳ ಅಂಚಿಗೂ ಸುತ್ತ ಸುಣ್ಣ ಬಳಿಯಿರಿ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಮುಂದೆ, ಒಂದು ಸುತ್ತು ಹಿಂದೆ. ಆಮೇಲೆ ಬಲಕ್ಕೆ ತಿರುಗಿಸಿ ಅದೇ. ಇಳಿದು ಟಾರ್ಚು ಹಾಕಿ ಬಿಳಿ ಎಲ್ಲಿ ಅಂಟಿದೆ ನೋಡಿ. ನೋಡಬೇಕಾದ ಜಾಗ ಮೂರು. ಎಡಕ್ಕೆ ತಿರುಗಿಸಿದಾಗ ಎಡ ಚಕ್ರದ ಮುಂದಿನ ಹೊರ ಮೂಲೆ ಬಂಪರ್‌ನ ಕೆಳ ಮೂಲೆಗೆ ಬರುತ್ತದೆ, ಅದೇ ಚಕ್ರದ ಹಿಂದಿನ ಒಳ ಅಂಚು ಲೀಡಿಂಗ್ ಆರ್ಮ್ ಕಡೆ ಹೋಗುತ್ತದೆ. ಬಲಕ್ಕೆ ತಿರುಗಿಸಿದಾಗ ಎಡ ಚಕ್ರದ ಹಿಂದಿನ ಹೊರ ಮೂಲೆ ಮಡ್‌ಫ್ಲಾಪ್ ಮತ್ತು ಲೈನರ್‌ನ ಹಿಂಭಾಗಕ್ಕೆ ಬರುತ್ತದೆ. ಒಂದೇ ಕಡೆ ನೋಡಿ ಬಿಡಬೇಡಿ, ಟಯರ್ ಬಲಕ್ಕೆ ಹಾಕಿಯೂ ನೋಡಿ. ಅಪಘಾತದಲ್ಲಿ ತಗ್ಗಿದ ಹಳೇ ಗಾಡಿಗಳಲ್ಲಿ ಎರಡು ಬದಿಯ ಜಾಗ ಒಂದೇ ಇರುವುದಿಲ್ಲ.

ಇದಿಷ್ಟು ಸುಲಭದ್ದು. ಇನ್ನು ಮುಖ್ಯವಾದದ್ದು, ಚಕ್ರವನ್ನು ಮೇಲಕ್ಕೆ ಒತ್ತಿ ನೋಡುವುದು. ತೋಟದ ದಾರಿಯಲ್ಲಿ ಕಣಿ ದಾಟುವಾಗ ಗಾಡಿ ಓರೆಯಾಗುತ್ತದೆ ನೋಡಿ, ಮುಂದಿನ ಎಡ ಚಕ್ರ ದಿಣ್ಣೆ ಹತ್ತಿರುವಾಗ ಹಿಂದಿನ ಬಲ ಚಕ್ರವೂ ದಿಣ್ಣೆಯಲ್ಲಿ, ಉಳಿದೆರಡು ನೇತಾಡುತ್ತಿರುತ್ತವೆ. ಅಂಥ ಜಾಗ ಹುಡುಕಿ. ಲೈನರ್ ಒಳಗೆ, ಟಯರ್‌ನ ನೇರ ಮೇಲೆ, ಗಟ್ಟಿಯಾಗಿ ಕಲಸಿದ ಹಿಟ್ಟಿನ ಉಂಡೆ ನಾಲ್ಕು ಕಡೆ ಅಂಟಿಸಿ. ಲೋ ರೇಂಜ್ ಬೇಡ, ಒಂದನೇ ಗಿಯರಿನಲ್ಲಿ ತೀರಾ ನಿಧಾನಕ್ಕೆ ಹತ್ತಿಸಿ ಇಳಿಸಿ. ಹಿಟ್ಟು ಚಪ್ಪಟೆಯಾಗಿದ್ದರೆ ಎಷ್ಟು ದಪ್ಪ ಉಳಿದಿದೆ ಅಳೆಯಿರಿ. ಹತ್ತು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮಣ್ಣು ಮೆತ್ತಿಕೊಂಡಾಗ ಉಜ್ಜುವುದು ಖಂಡಿತ. ಖಾಲಿ ಗಾಡಿಯಲ್ಲಿ ಸ್ಪ್ರಿಂಗ್ ಪೂರ್ತಿ ಒತ್ತುವುದಿಲ್ಲ, ಹಾಗಾಗಿ ಹಿಂದೆ ನಾಲ್ಕೈದು ಗೋಣಿ ಮಣ್ಣಾದರೂ ಹಾಕಿಕೊಂಡು ಮತ್ತೊಮ್ಮೆ ನೋಡಿ.

ಎಚ್ಚರಿಕೆ: ನಮ್ಮ ಕಡೆ ಮನೆ ಕಟ್ಟುವ ಕೆಂಪುಕಲ್ಲು ಅಂಗಳದಲ್ಲೇ ಬಿದ್ದಿರುತ್ತದೆ, ಸುಮ್ನೆ ಕೈಗೆ ಸಿಕ್ಕಿತು ಅಂತ ಅದನ್ನು ಗಾಡಿ ಕೆಳಗೆ ಆಧಾರಕ್ಕೆ ಇಡಬೇಡಿ. ಒಣಗಿದ ಕಲ್ಲು ಗಟ್ಟಿ ಅನ್ನಿಸಿದರೂ ಒಂದೇ ಬಿಂದುವಿಗೆ ಭಾರ ಬಿದ್ದರೆ ಎರಡು ಹೋಳಾಗುತ್ತದೆ. ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕುವುದೂ ಬೇಡ. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ವರ್ಕ್‌ಶಾಪಿಗೆ ಹೋಗಿ. ಸ್ಪ್ರಿಂಗ್ ಬಿಚ್ಚಿ ಆಕ್ಸಲನ್ನು ಬಂಪ್ ಸ್ಟಾಪ್‌ವರೆಗೆ ಎತ್ತಿ ನೋಡುವ ಪರೀಕ್ಷೆ ಎಲ್ಲಕ್ಕಿಂತ ನಿಖರ, ಆದರೆ ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ಜಾಗ ಮಾಡುವುದು, ಕತ್ತರಿ ಕೊನೆಗೆ

ಎಲ್ಲಿ ತಾಗುತ್ತದೆ ಅಂತ ಗೊತ್ತಾದ ಮೇಲೆ ಕೆಲಸ ಶುರು. ವಾಪಸ್ ಮಾಡಲು ಬರುವ ಕೆಲಸ ಮೊದಲು, ಬಾರದ್ದು ಆಮೇಲೆ. ಬಹಳ ಮಂದಿ ಮೊದಲೇ ಗ್ರೈಂಡರ್ ಹಿಡಿಯುತ್ತಾರೆ, ಅದು ತಪ್ಪು.

ಮಡ್‌ಫ್ಲಾಪ್ ತಾಗುತ್ತಿದ್ದರೆ ಅದನ್ನು ಬಿಚ್ಚಿ ಸ್ವಲ್ಪ ಹಿಂದಕ್ಕೆ ಕೂರಿಸಿ. ಪೂರ್ತಿ ತೆಗೆದು ಬಿಸಾಡಬೇಡಿ, ಮಳೆಗಾಲದಲ್ಲಿ ಹಿಂದೆ ಬರುವ ಬೈಕಿನವರ ಮುಖಕ್ಕೆ ಕೆಸರು ಹೋಗುತ್ತದೆ.

ಪ್ಲಾಸ್ಟಿಕ್ ಲೈನರ್ ತಾಗಿದರೆ ಹೀಟ್ ಗನ್ ಸಾಕು. ಮೊದಲು ಲೈನರ್‌ನ ಕ್ಲಿಪ್ ಬಿಚ್ಚಿ ಹಿಂದೆ ಏನೇನಿದೆ ನೋಡಿ: ವಾಷರ್ ನೀರಿನ ಟ್ಯಾಂಕ್, ವಯರಿಂಗ್, ಎಬಿಎಸ್ ಸೆನ್ಸರ್‌ಗೆ ಹೋಗುವ ತಂತಿ. ಅವುಗಳನ್ನು ಬದಿಗೆ ಕಟ್ಟಿ. ಆಮೇಲೆ ಪ್ಲಾಸ್ಟಿಕ್ ಮೆತ್ತಗಾಗುವಷ್ಟೇ ಬಿಸಿ ಮಾಡಿ ಮರದ ತುಂಡಿನಿಂದ ಹಿಂದಕ್ಕೆ ಒತ್ತಿ, ಒದ್ದೆ ಬಟ್ಟೆ ಇಟ್ಟು ತಣಿಸಿ. ಅಲ್ಲೇ ನಿಲ್ಲುತ್ತದೆ. ಒಂದು ಬೆರಳಿನಷ್ಟು ಜಾಗ ಇದರಲ್ಲೇ ಸಿಗುತ್ತದೆ.

ಆರ್ಮ್‌ಗೆ ತಾಗುವುದಾದರೆ ಸ್ಟೀರಿಂಗ್ ಸ್ಟಾಪರ್ ನೋಡಬೇಕು. ಚಕ್ರ ಇಷ್ಟರ ಮೇಲೆ ತಿರುಗದ ಹಾಗೆ ತಡೆಯುವ ಬೋಲ್ಟ್ ಅದು. ಕೆಲವು ಗಾಡಿಗಳಲ್ಲಿ ಲಾಕ್‌ನಟ್ ಸಡಿಲಿಸಿ ಬೋಲ್ಟನ್ನು ಹೊರಕ್ಕೆ ತರಬಹುದು, ಕೆಲವಕ್ಕೆ ವಾಷರ್ ಹಾಕಬೇಕು. ಒಂದೊಂದೇ ಸುತ್ತು ತಿರುಗಿಸಿ ನೋಡುತ್ತಾ ಹೋಗಿ, ಎರಡೂ ಬದಿ ಸಮ ಇರಲಿ. ಇದಕ್ಕೊಂದು ಬೆಲೆ ಉಂಟು. ಐದು ಬಾಗಿಲಿನ ಜಿಮ್ನಿಯ ಟರ್ನಿಂಗ್ ರೇಡಿಯಸ್ ಮೊದಲೇ 5.7 ಮೀಟರ್. ಚಕ್ರ ತಿರುಗುವುದನ್ನು ಕಡಿಮೆ ಮಾಡಿದಷ್ಟೂ ಅದು ಜಾಸ್ತಿಯಾಗುತ್ತದೆ. ತೋಟದ ಗಿಡ್ಡ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತಿದ್ದ ಗಾಡಿ ಎರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ. ನಿಮ್ಮ ದಾರಿ ಹೇಗಿದೆ ನೋಡಿ ತೀರ್ಮಾನ ಮಾಡಿ. ನನ್ನ ದಾರಿಗೆ ಇದು ಆಗದ ಮಾತು, 235 ಬಿಟ್ಟದ್ದಕ್ಕೆ ದೊಡ್ಡ ಕಾರಣ ಇದೇ.

ಚಕ್ರ ಮೇಲೆ ಹೋಗಿ ತಾಗುವುದಾದರೆ ಬಂಪ್ ಸ್ಟಾಪ್ ಕೆಳಗೆ ಒಂದು ಬಿಲ್ಲೆ ಕೊಟ್ಟು ಉದ್ದ ಮಾಡಬಹುದು. ಹದಿನೈದು ಇಪ್ಪತ್ತು ಮಿಲಿಮೀಟರ್ ಸಾಕು. ಅಷ್ಟು ಸಸ್ಪೆನ್ಷನ್ ಓಟ ಕಡಿಮೆಯಾಗುತ್ತದೆ, ದೊಡ್ಡ ಗುಂಡಿಯಲ್ಲಿ ಬೇಗ ದಡ್ ಅನ್ನುತ್ತದೆ. ಆದರೆ ಟಯರ್ ಬಾಡಿಗೆ ಉಜ್ಜುವುದಕ್ಕಿಂತ ಇದು ಎಷ್ಟೋ ವಾಸಿ.

ಕೊನೆಯದು ಕತ್ತರಿಸುವುದು. ಬಂಪರ್‌ನ ಕೆಳ ಮೂಲೆಯ ಪ್ಲಾಸ್ಟಿಕ್ ಮಾತ್ರ ಕತ್ತರಿಸಿ. ಟೇಪ್ ಅಂಟಿಸಿ ಗೆರೆ ಎಳೆಯಿರಿ, ಗೆರೆ ತಿರುಗುವ ಮೂಲೆಯಲ್ಲಿ ಆರು ಮಿಲಿಮೀಟರ್ ತೂತು ಕೊರೆಯಿರಿ. ದುಂಡು ತೂತು ಇದ್ದರೆ ಅಲ್ಲಿಂದ ಬಿರುಕು ಹೊರಡುವುದಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ನಿಧಾನಕ್ಕೆ ಕೊಯ್ಯಿರಿ, ಉಪ್ಪುಕಾಗದದಲ್ಲಿ ಉಜ್ಜಿ ರಬ್ಬರ್ ಬೀಡಿಂಗ್ ಕೂರಿಸಿ. ಬೇಕು ಅನ್ನಿಸಿದ್ದರ ಅರ್ಧ ಕತ್ತರಿಸಿ ಮತ್ತೆ ಸುಣ್ಣ ಹಚ್ಚಿ ನೋಡಿ. ಕತ್ತರಿಸಿದ್ದನ್ನು ಅಂಟಿಸಲು ಆಗುವುದಿಲ್ಲ. ತಗಡಿನ ಭಾಗಕ್ಕೆ ಕೈ ಹಾಕಬೇಕಾಗಿ ಬಂದರೆ ಆ ಟಯರ್ ನಿಮ್ಮ ಗಾಡಿಗೆ ದೊಡ್ಡದಾಯಿತು ಅಂತಲೇ ಅರ್ಥ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ, ಸಮುದ್ರದ ಉಪ್ಪು ಗಾಳಿ ಬೀಸುವ ಕಾಸರಗೋಡಿನಲ್ಲಿ ಪೇಂಟ್ ಹೋದ ತಗಡು ಎರಡು ಮಳೆಗಾಲಕ್ಕೆ ತುಕ್ಕಾಗಿ ಉದುರುತ್ತದೆ.

ಸ್ಪೇಸರ್ ಬಗ್ಗೆ ಕೇಳುವವರು ಬಹಳ. ಚಕ್ರವನ್ನು ಹೊರಕ್ಕೆ ತಳ್ಳುವ ಬಿಲ್ಲೆ ಅದು. ಆರ್ಮ್‌ನಿಂದ ದೂರವಾಗುತ್ತದೆ ನಿಜ, ಆದರೆ ಚಕ್ರ ತಿರುಗುವಾಗ ದೊಡ್ಡ ವೃತ್ತದಲ್ಲಿ ಬೀಸುವುದರಿಂದ ಬಂಪರ್ ಮತ್ತು ಲೈನರ್‌ಗೆ ಇನ್ನೂ ಹತ್ತಿರವಾಗುತ್ತದೆ. ಬೇರಿಂಗಿಗೆ ಭಾರ ಜಾಸ್ತಿ, ಚಕ್ರ ಬಾಡಿಯಿಂದ ಹೊರಗೆ ಚಾಚುತ್ತದೆ. ನಾನು ಹಾಕುವುದಿಲ್ಲ, ಹಾಕಿ ಅಂತ ಹೇಳುವುದೂ ಇಲ್ಲ. ಬೇರೆ ರಿಮ್ ಹಾಕುವವರಿಗೂ ಇದೇ ಮಾತು: ಜಿಪ್ಸಿಗೂ ಜಿಮ್ನಿಗೂ ಪಿಸಿಡಿ, ಅಂದರೆ ಬೋಲ್ಟುಗಳು ಕೂರುವ ವೃತ್ತದ ಅಳತೆ, ಒಂದೇ: ಐದು ಬೋಲ್ಟ್, 139.7 ಮಿಲಿಮೀಟರ್. ಆದರೆ ಬೋಲ್ಟ್ ಕೂತ ಮಾತ್ರಕ್ಕೆ ಸರಿಯಾಗುವುದಿಲ್ಲ, ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎನ್ನುವುದು) ಮತ್ತು ನಡುವಿನ ತೂತು ಕೂಡ ಹೊಂದಬೇಕು.

ಕಾಗದಪತ್ರ

ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿ ಇರುವ ನಮಗೆ ಇದು ಮುಖ್ಯ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು, ಅದೂ ಕೇರಳದಿಂದಲೇ ಹೋದ ಕೇಸಿನಲ್ಲಿ. ಹಾಗಾಗಿ ಟಯರ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಅಳತೆ ಹೇಳಿ ಕೇಳಿ. ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಬೇಡ ಅಂದರೆ ಕಂಪನಿ ಅಳತೆಯಲ್ಲೇ ಒಳ್ಳೆ ಆಲ್‌ಟೆರೇನ್ ಟಯರ್ ಹಾಕಿ, ಗೋಡೆ ಗಟ್ಟಿ ಇರುವುದರ ಲಾಭ ಅದರಲ್ಲೂ ಸಿಗುತ್ತದೆ.

ಹಾಕಿದ ಮೇಲೆ

ಐದೂ ಒಂದೇ ಅಳತೆ ಇರಬೇಕು, ಸ್ಟೆಪ್ನಿ ಸೇರಿ. ಜಿಮ್ನಿಯಂಥ ಗಾಡಿಯಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಂದು ಚಕ್ರ ದೊಡ್ಡದು ಒಂದು ಸಣ್ಣದು ಇದ್ದರೆ ಒಳಗಿನ ಗಿಯರ್‌ಗಳು ಎಳೆದಾಡಿ ಹಾಳಾಗುತ್ತವೆ. ಸ್ಟೆಪ್ನಿ ಹಿಂಬಾಗಿಲಿಗೆ ನೇತುಹಾಕುವ ಗಾಡಿಯಾದರೆ ಬಾಗಿಲಿನ ಹಿಂಜ್‌ಗೂ ಭಾರ ಬೀಳುತ್ತದೆ. ನಮ್ಮ ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಉಂಟು, ಹಳೇದು ಹೊಸದು ಎರಡನ್ನೂ ಅದರ ಮೇಲಿಟ್ಟು ನೋಡಿದೆ. ನೀವೂ ತೂಗಿ ನೋಡಿ. ಆ ವ್ಯತ್ಯಾಸವನ್ನು ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಗಾಡಿ ಹೊರುತ್ತದೆ.

ನಟ್ಟುಗಳನ್ನು ಸುತ್ತುಬಳಸಿ ಬಿಗಿಯಬೇಡಿ, ಒಂದು ಬಿಟ್ಟು ಒಂದು ನಕ್ಷತ್ರದ ಹಾಗೆ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಗಾಡಿಯ ಪುಸ್ತಕದಲ್ಲಿರುವ ಅಂಕಿಗೆ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಮುಂದೆ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಸರಿಪಡಿಸಲು ಇರುವುದು ಟೋ (ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದೇ, ಹಾಗಂತ ಬಿಡುವಂತಿಲ್ಲ. ಅರವತ್ತು ಎಪ್ಪತ್ತರ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಮೊದಲು ಬ್ಯಾಲೆನ್ಸಿಂಗ್, ಆಮೇಲೆ ಆಕ್ಸಲನ್ನು ಅಡ್ಡಕ್ಕೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್‌ನ ಬುಷ್ ಮತ್ತು ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಜಾಗದ ಕಿಂಗ್‌ಪಿನ್ ಬೇರಿಂಗ್ ನೋಡಿಸಿ. ಸಣ್ಣ ಟಯರಿನಲ್ಲಿ ಅಡಗಿದ್ದ ಸವಕಳಿ ದೊಡ್ಡ ಟಯರ್ ಬಂದ ತಕ್ಷಣ ಎದ್ದು ಕಾಣುತ್ತದೆ.

ಸ್ಪೀಡೋಮೀಟರ್ ಕೂಡ ಬದಲಾಗುತ್ತದೆ. 235 ಹಾಕಿದರೆ ಮೀಟರಿನ ಅದೇ ಅಂಕಿಗೆ ನಿಜವಾದ ವೇಗ ಮೊದಲಿಗಿಂತ ಶೇಕಡ 5.8 ಜಾಸ್ತಿ, ಮೊದಲು 80 ಇದ್ದಲ್ಲಿ ಈಗ ಸುಮಾರು 85. 215 ಆದರೆ ಶೇಕಡ ಒಂದೂವರೆ, ಲೆಕ್ಕಕ್ಕಿಲ್ಲ. ಅಷ್ಟೇ ಪ್ರಮಾಣದಲ್ಲಿ ಗಿಯರ್ ಕೂಡ ಉದ್ದವಾಗುತ್ತದೆ, ಏರಿನಲ್ಲಿ ಒಂದು ಗಿಯರ್ ಇಳಿಸಬೇಕಾಗುತ್ತದೆ. ಬ್ರೇಕ್ ಸ್ವಲ್ಪ ಮೊದಲೇ ಹಿಡಿಯಲು ಕಾಲಿಗೆ ಅಭ್ಯಾಸ ಮಾಡಿಸಿ.

ಗಾಳಿ ಎಷ್ಟು ಅಂತ ಬಾಗಿಲ ಹತ್ತಿರದ ಸ್ಟಿಕ್ಕರ್‌ನಿಂದ ಶುರು ಮಾಡಿ, ಆಮೇಲೆ ಸೀಮೆಸುಣ್ಣದಿಂದ ಟಯರ್ ಅಡ್ಡಕ್ಕೆ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಎರಡು ಅಂಚು ಮಾತ್ರ ಅಳಿಸಿದರೆ ಕಡಿಮೆ. ಎರಡೆರಡು ಪಿಎಸ್‌ಐ ಬದಲಿಸಿ ಸಮನಾಗಿ ಅಳಿಸುವವರೆಗೆ ನೋಡಿ. ಕೆಸರಿಗೆ ಇಳಿಯುವಾಗ ಹದಿನೆಂಟರವರೆಗೆ ಇಳಿಸಬಹುದು. ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸಲು ಸಣ್ಣ ಪಂಪು ಗಾಡಿಯಲ್ಲೇ ಇರಲಿ.

ಮೊದಲ ನೂರು ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಮತ್ತೆ ಟಾರ್ಕ್ ಮಾಡಿ. ಮೊದಲ ದೊಡ್ಡ ಮಳೆಗೆ ಕೆಸರಲ್ಲಿ ಓಡಿಸಿ ಬಂದ ದಿನ, ಗಾಡಿ ತೊಳೆಯುವ ಮೊದಲು ಟಾರ್ಚು ಹಿಡಿದು ಲೈನರ್ ಒಳಗೆ ನೋಡಿ. ಮೆತ್ತಿದ ಮಣ್ಣಿನ ಮೇಲೆ ಟಯರ್ ಉಜ್ಜಿದ ಜಾಗ ನುಣ್ಣಗೆ ಹೊಳೆಯುತ್ತಿರುತ್ತದೆ. ನನ್ನ ಗಾಡಿಯಲ್ಲಿ ಈಗ ಇರುವುದು 215/75. ಬಂಪರ್ ಕತ್ತರಿಸಿಲ್ಲ, ಸ್ಟಾಪರ್ ಮುಟ್ಟಿಲ್ಲ, ಹಿಂದಕ್ಕೆ ಒತ್ತಿದ್ದು ಲೈನರ್‌ನ ಒಂದು ಮೂಲೆ ಮಾತ್ರ. ಆದರೂ ವರ್ಷಕ್ಕೊಮ್ಮೆ, ಅಡಿಕೆ ಕೊಯ್ಲು ಶುರುವಾಗಿ ಗಾಡಿಗೆ ಭಾರ ಬೀಳುವ ಹೊತ್ತಿಗೆ, ಒಳ ಅಂಚಿಗೆ ಸುಣ್ಣ ಬಳಿದು ಬೈಲಿನ ಆ ತಿರುವಿನಲ್ಲಿ ಒಮ್ಮೆ ರಿವರ್ಸ್ ತೆಗೆದು ನೋಡುತ್ತೇನೆ.